ಬಿಡು ಅಂದವರು, ಬಿಟ್ಟವರು



ಉದ್ದದ ಪೋಸ್ಟು. ಪುರುಸೊತ್ತಿದ್ದಾಗ ಓದಿ.

ಏಪ್ರಿಲ್ 14ರ ಮೆರವಣಿಗೆ ಮುಗಿದ ಮೇಲೆ ಶಿಕಾರಿಪುರ, ಸೊರಬ ಕಡೆಯ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಜಗಳ ಹತ್ತಿಕೊಂಡಿದೆ. ನಮ್ಮ ಕೇರಿಗಳಲ್ಲಿ ಪ್ರಾರ್ಥನಾ ಮಂದಿರಕ್ಕೆ ಹೋಗೋ ಹುಡುಗರು ಕೆಲವರು ತಮಟೆ ಮುಟ್ಟಲ್ಲ ಅಂದರಂತೆ. "ಹಳೇದನ್ನೆಲ್ಲ ಬಿಡಬೇಕು ಅಂತ ನಮ್ಮ ಪಾಸ್ಟರು ಹೇಳಿದಾರೆ" ಅನ್ನೋದು ಅವರ ಮಾತು. ಒಂದು ಕಡೆಯವರು "ಇವರು ಸಮುದಾಯಕ್ಕೆ ದ್ರೋಹ ಮಾಡಿದರು, ಪರದೇಶಿ ಧರ್ಮಕ್ಕೆ ಮಾರಿಕೊಂಡರು" ಅಂತ ಬರೀತಿದ್ದಾರೆ. ಇನ್ನೊಂದು ಕಡೆಯವರು "ತಮಟೆ ಗುಲಾಮಗಿರಿಯ ಗುರುತು, ಬಿಟ್ಟದ್ದೇ ಸರಿ" ಅಂತಿದ್ದಾರೆ. ಮೊದಲ ಗುಂಪಿನವರ ಭಾಷೆ ನೋಡಿದ್ರೆ ಅದನ್ನ ಎಲ್ಲಿಂದ ಎರವಲು ತಂದ್ರು ಅಂತ ಗೊತ್ತಾಗುತ್ತೆ, ಅದರ ಬಗ್ಗೆ ಇನ್ನೊಮ್ಮೆ ಮಾತಾಡೋಣ.

ನಾನು ಕ್ರೈಸ್ತನಲ್ಲ. ಬಾಬಾಸಾಹೇಬರ ದಾರಿಯವನು. ಆಫೀಸಲ್ಲಿ ಫೈಲು ನೋಡೋ ಗುಮಾಸ್ತ, ಸಂಜೆ ಮೇಲೆ ಸಂಘಟನೆ ಕೆಲಸ. ಪಂಡಿತನೂ ಅಲ್ಲ. ಆದರೆ ಈ "ಹಳೇದನ್ನು ಬಿಡು" ಅನ್ನೋ ಮಾತಿಗೆ ನಮ್ಮ ನಾಡಲ್ಲಿ ಒಂದು ಚರಿತ್ರೆ ಇದೆ. ಯಾರು ಯಾರಿಗೆ ಏನನ್ನ ಬಿಡು ಅಂದರು, ಯಾವುದನ್ನ ಬಿಡು ಅನ್ನಲೇ ಇಲ್ಲ, ಬಿಟ್ಟವರ ಕೈಗೆ ಬದಲಿಗೆ ಏನು ಸಿಕ್ತು, ಇಷ್ಟನ್ನ ತಿಳ್ಕೊಳ್ಳದೆ ಆ ಹುಡುಗರನ್ನ ಬೈಯೋದೂ ತಪ್ಪು, ಹೊಗಳೋದೂ ತಪ್ಪು. ಅದಕ್ಕೇ ಬರೀತಿದ್ದೀನಿ.

ಮೊದಲು ಅವರ ಗ್ರಂಥದಲ್ಲೇ ಏನಿದೆ ನೋಡೋಣ. ಯೇಸುವಿನ ಶಿಷ್ಯಪರಂಪರೆಯಲ್ಲಿ ಪೌಲ ಅಂತ ಒಬ್ಬರು. ಬೇರೆ ಬೇರೆ ಊರಿನ ಸಭೆಗಳಿಗೆ ಅವರು ಬರೆದ ಕಾಗದಗಳೇ ಬೈಬಲ್ಲಿನ ಹೊಸ ಒಡಂಬಡಿಕೆಯ ದೊಡ್ಡ ಭಾಗ. ಎಫೆಸ, ಕೊಲೊಸ್ಸೆ ಊರಿನವರಿಗೆ ಬರೆದ ಕಾಗದಗಳಲ್ಲಿ ಒಂದು ಹೋಲಿಕೆ ಬರುತ್ತೆ. ಕೊಳೆಯಾದ ಬಟ್ಟೆ ಕಳಚಿ ಹೊಸದನ್ನ ಹಾಕ್ಕೊಳ್ಳೋ ಹಂಗೆ ಹಳೇ ಮನುಷ್ಯನನ್ನ ಕಳಚಿ ಹೊಸ ಮನುಷ್ಯನನ್ನ ಧರಿಸ್ಕೊಳ್ಳಿ ಅಂತ. ಸುಳ್ಳು, ಕೋಪ, ಕಳ್ಳತನ, ಹೊಲಸು ಮಾತು ಬಿಡಬೇಕು. ಹಂಗೆ ಹೊಸದನ್ನ ಧರಿಸಿದವರಲ್ಲಿ ಯೆಹೂದ್ಯ-ಗ್ರೀಕ, ಗುಲಾಮ-ಸ್ವತಂತ್ರ ಅನ್ನೋ ಭೇದ ಇರಲ್ಲ ಅಂತಾರೆ. ನಮ್ಮಂಥೋರಿಗೆ ಕಿವಿ ನೆಟ್ಟಗಾಗೋದು ಇಲ್ಲೇ. ಆದರೆ ಪುಟ ತಿರುಗಿಸಬೇಡಿ. ಕೊಲೊಸ್ಸೆಯವರ ಕಾಗದದ ಅದೇ ಮೂರನೇ ಅಧ್ಯಾಯದಲ್ಲಿ, ಹತ್ತಾರು ವಚನ ಕೆಳಗೆ, ಗುಲಾಮರು ತಮ್ಮ ದಣಿಗಳ ಮಾತು ಕೇಳ್ಕೊಂಡಿರಬೇಕು ಅಂತಾನೂ ಇದೆ! ಎರಡೂ ಒಂದೇ ಅಧ್ಯಾಯ. ಮುಂದೆ ಸಾವಿರದೆಂಟುನೂರು ವರ್ಷ ಯಾವ ಸಭೆ ಯಾವ ವಚನದ ಮೇಲೆ ಬೆರಳಿಟ್ಟು ಓದಿತು ಅನ್ನೋದೇ ನಾನು ಹೇಳಬೇಕಾದ ಕಥೆ.

ಬಟ್ಟೆ ಕಳಚೋ ಹೋಲಿಕೆ ನಮ್ಮ ಎರಡು ತಾಲ್ಲೂಕಿಗೆ ಹೊಸದೇನಲ್ಲ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ ರಾಜನ ಮನೆ ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು ಹೊರಟೋಳು. ಕಲ್ಯಾಣದಲ್ಲಿ ಅವಳನ್ನ ಅಲ್ಲಮ ಪರೀಕ್ಷೆ ಮಾಡಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅಲ್ಲಮನೂ ಇದೇ ತಾಲ್ಲೂಕಿನ ಬಳ್ಳಿಗಾವಿಯೋನು. ಬಟ್ಟೆ ಬಿಟ್ಟೆ ಸರಿ, ಮತ್ತೆ ಕೂದಲಲ್ಲಿ ಯಾಕೆ ಮೈ ಮುಚ್ಚಿಕೊಂಡೆ ಅನ್ನೋ ಅರ್ಥದ ಪ್ರಶ್ನೆ ಅದು. ಬಿಟ್ಟದ್ದು ನಿಜವಾಗಿ ಬಿಟ್ಟದ್ದಾ ಅಂತ ಕೆದಕಿ ಕೇಳೋದು ನಮ್ಮ ನೆಲದಲ್ಲಿ ಹಳೇ ಪದ್ಧತಿ. ಪಕ್ಕದ ಸೊರಬದ ಚಂದ್ರಗುತ್ತಿಯಲ್ಲಿ ಬಟ್ಟೆ ಕಳಚೋದು ಬೇರೆಯೇ ಒಂದು ಸಂಗತಿ. ಅದಕ್ಕೆ ಆಮೇಲೆ ಬರ್ತೀನಿ.

ಈಗ ಗೋವಾಕ್ಕೆ ಹೋಗೋಣ. ಯಾಕಂದ್ರೆ ಕರಾವಳಿಯಲ್ಲಿ, ನಮ್ಮ ಮಲೆನಾಡಲ್ಲಿ ಇರೋ ಕೊಂಕಣಿ ಕ್ರೈಸ್ತರ ಹಿರೀಕರು ಬಹುಪಾಲು ಅಲ್ಲಿಂದ ಇಳಿದು ಬಂದೋರು. ಇಕ್ಕೇರಿ-ಬಿದನೂರಿನ ಕೆಳದಿ ನಾಯಕರ ಸೀಮೆಯಲ್ಲಿ ಅವರಿಗೆ ಬೇಸಾಯಕ್ಕೆ ಜಾಗ ಸಿಕ್ಕಿತ್ತು. ಬರ, ಯುದ್ಧ, ತೆರಿಗೆ, ಇವುಗಳ ಜೊತೆಗೆ ಪೋರ್ಚುಗೀಸರ ಇಂಕ್ವಿಸಿಷನ್ ಅನ್ನೋ ಧರ್ಮನ್ಯಾಯಾಲಯದ ಕಾಟವೂ ಅವರು ಊರು ಬಿಡೋದಕ್ಕೆ ಒಂದು ಕಾರಣ. ಮತಾಂತರ ಆದೋರು ಹಳೇ ಚಾಳಿ ಬಿಟ್ಟಿದ್ದಾರಾ ಇಲ್ಲವಾ ಅಂತ ಪತ್ತೆ ಮಾಡೋದೇ ಅದರ ಕೆಲಸ. 1736ರಲ್ಲಿ ಅದು ಹೊರಡಿಸಿದ ಒಂದು ಆಜ್ಞೆ ಇದೆ. ಏನೇನು ಮಾಡಬಾರದು ಅಂತ ಉದ್ದದ ಪಟ್ಟಿ. ಮದುವೆಯಲ್ಲಿ ಹೆಂಗಸರು ಶೋಭಾನೆ ಥರ ಹಾಡೋ ಓವಿಗಳು ಬೇಡ. ಅರಿಶಿನ ಹಚ್ಚೋದು ಬೇಡ. ವೀಳ್ಯದೆಲೆ, ಅಡಿಕೆ, ಹೂವು ಬೀಗರ ಮನೆಗೆ ಕಳಿಸೋದು ಬೇಡ. ಅಂಗಳದಲ್ಲಿ ತುಳಸಿ ಗಿಡ ಇರಬಾರದು. ಗಂಡಸರು ಪಂಚೆ ಉಡಬಾರದು, ಹೆಂಗಸರು ಹಿಂದೂಗಳ ಥರ ಕುಪ್ಪಸ ತೊಡಬಾರದು. ಅನ್ನ ಬೇಯಿಸುವಾಗ ಹಿಂದೂಗಳ ಥರ ಉಪ್ಪು ಹಾಕದೆ ಬೇಯಿಸಬಾರದು!

ಉಪ್ಪಿನ ತನಕ ಬಂದ ಆ ಪಟ್ಟಿ ಜಾತಿ ಬಿಡಿ ಅನ್ನಲಿಲ್ಲ. ಬಾಮಣ್, ಚಾರಡಿ, ಸುದಿರ್ ಅಂತ ಕ್ಯಾಥೊಲಿಕರೊಳಗೇ ಜಾತಿ ಉಳೀತು, ಸಂಬಂಧ ಮಾಡುವಾಗ ಅದನ್ನ ಕೇಳೋ ರೂಢಿ ಉಳೀತು. ಅಂದ್ರೆ ಅಡುಗೆ ಮನೆಯ ಮಡಕೆಯೊಳಗೆ ಇಣುಕಿ ನೋಡಿದವರ ಕಣ್ಣಿಗೆ ಅದೇ ಮನೆಯ ಜಗಲಿಯಲ್ಲಿ ಕೂತಿದ್ದ ಜಾತಿ ಕಾಣಲಿಲ್ಲ. ಕಾಣಲಿಲ್ಲವೋ, ಕಂಡರೂ ಅದು ಚಾಳಿ ಅನ್ನಿಸಲಿಲ್ಲವೋ. ಎರಡನೇದೇ ನಿಜ ಅಂತ ನನ್ನ ಅಂದಾಜು.

ಇದೇ ಕಾಲದಲ್ಲಿ ತಮಿಳು ಸೀಮೆಯಲ್ಲಿ ಇನ್ನೊಂದು ವೈಖರಿ. ರಾಬರ್ಟ್ ಡಿ ನೊಬಿಲಿ ಅನ್ನೋ ಇಟಲಿಯ ಪಾದ್ರಿ 1606ರಲ್ಲಿ ಮಧುರೆಗೆ ಬಂದು, ಬ್ರಾಹ್ಮಣ ಸನ್ಯಾಸಿಯ ವೇಷ ಹಾಕಿ, ಜನಿವಾರ, ಜುಟ್ಟು ಎಲ್ಲ ಲೋಕರೂಢಿ, ಅದನ್ನ ಬಿಡಬೇಕಾಗಿಲ್ಲ ಅಂದರು. ಮೈಸೂರು ಸೀಮೆಗೆ 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಾಮಿಯದೂ ಅದೇ ಜೆಸ್ವಿಟ್ ಸಂಸ್ಥೆ, ಅದೇ ಸನ್ಯಾಸಿ ಮಾದರಿ. ಮೇಲ್ಜಾತಿಯವರು ಹಳೇದನ್ನ ಇಟ್ಕೊಂಡೇ ಬರಬಹುದು ಅಂದಮೇಲೆ ಹೊಲಗೇರಿಯವರ ಕಥೆ ಏನು? ಅವರಿಗೆ ಬೇರೆ ಪಾದ್ರಿ, ಬೇರೆ ಬಾಗಿಲು. 1704ರಲ್ಲಿ ರೋಮಿನಿಂದ ಬಂದ ಪ್ರತಿನಿಧಿಯೊಬ್ಬರು ಪಾಂಡಿಚೇರಿಯಲ್ಲಿ ಇದನ್ನೆಲ್ಲ ತಡೆಯೋ ಆಜ್ಞೆ ಮಾಡಿದರು. ಅದರಲ್ಲಿ ಒಂದು ಅಂಶ, ಕಾಯಿಲೆ ಬಿದ್ದ ಪರಯನ ಮನೆಯೊಳಕ್ಕೇ ಹೋಗಿ ಪಾದ್ರಿಗಳು ಸಂಸ್ಕಾರ ಕೊಡಬೇಕು ಅನ್ನೋದು. ಸಾಯೋನ ಮನೆಗೆ ಹೋಗಿ ಅಂತ ಆಜ್ಞೆ ಮಾಡಬೇಕಾಯ್ತು ಅಂದರೆ ಅಲ್ಲಿವರೆಗೆ ಏನು ನಡೀತಿತ್ತು ಲೆಕ್ಕ ಹಾಕಿ. ನಲವತ್ತು ವರ್ಷ ಜಗಳ ಆಗಿ 1744ರಲ್ಲಿ ಪೋಪ್ ಕಡೆಯಿಂದ ಕೊನೇ ತೀರ್ಪು ಬಂದಾಗ ಆದ ರಾಜಿ ಏನು ಗೊತ್ತಾ? ಪರಯರಿಗೇ ಅಂತ ಪ್ರತ್ಯೇಕ ಪಾದ್ರಿಗಳ ವರ್ಗ! ನಮ್ಮೂರ ಹೋಟೆಲಿನ ಎರಡನೇ ಲೋಟದ ನೆನಪಾಗುತ್ತೆ ನನಗೆ.

ಹಂಗಾದ್ರೆ ಜಾತೀನೇ ಬಿಡಬೇಕಾದ ಹಳೇ ಚಾಳಿ ಅಂತ ಗಟ್ಟಿಯಾಗಿ ಹೇಳಿದವರು ಯಾರೂ ಇಲ್ವಾ? ಇದ್ದಾರೆ. ಅದರಲ್ಲಿ ಕನ್ನಡದ ಮಟ್ಟಿಗೆ ದೊಡ್ಡ ಹೆಸರು ಬಾಸೆಲ್ ಮಿಷನ್. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಅನ್ನೋ ಮೂವರು ಮಂಗಳೂರಿಗೆ ಬಂದಿಳಿದರು. ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ. ಕಿಟೆಲ್ ನಿಘಂಟು, ಮೊಗ್ಲಿಂಗರ ಮಂಗಳೂರ ಸಮಾಚಾರ, ಇವನ್ನೆಲ್ಲ ನವೆಂಬರ್ ಒಂದನೇ ತಾರೀಕು ವೇದಿಕೆ ಮೇಲೆ ಎಲ್ಲರೂ ಹೊಗಳ್ತಾರೆ. ನಿಘಂಟನ್ನ ಹೊಗಳೋ ಆ ಬಾಯಿಗಳಿಗೆ ಇವರ ಸಭೆಯಲ್ಲಿ ಯಾರು ಯಾರ ಪಕ್ಕ ಕೂತರು ಅನ್ನೋದು ಬೇಕಾಗಿಲ್ಲ.

ಬಾಸೆಲಿನವರ ನಿಯಮ ಸರಳ. ದೀಕ್ಷಾಸ್ನಾನ ಬೇಕಂದ್ರೆ ಜಾತಿ ಹೊರಗಿಟ್ಟು ಬಾ. ಒಂದೇ ಬೆಂಚು, ಒಂದೇ ಬಟ್ಟಲು, ಒಂದೇ ಪಂಕ್ತಿ. ತಮಿಳುನಾಡಿನ ಕೆಲವು ಲುಥರನ್ ಮಿಷನ್‌ನವರು ಜಾತಿ ಬರೀ ಸಾಮಾಜಿಕ ಅಂತಸ್ತು, ನಿಧಾನಕ್ಕೆ ಹೋಗುತ್ತೆ ಅಂತ ಬಿಟ್ಟಿದ್ದಾಗ ಇವರು ಒಪ್ಪಲಿಲ್ಲ. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಕೂಡ ಜಾತಿಯನ್ನ ಈ ಕ್ಷಣಕ್ಕೆ, ಪೂರ್ತಿಯಾಗಿ ಬಿಡಬೇಕು ಅಂತ ಸುತ್ತೋಲೆ ಕಳಿಸಿದ್ದರು. ತಂಜಾವೂರು ಕಡೆ ಎಷ್ಟೋ ವೆಳ್ಳಾಳ ಕ್ರೈಸ್ತರು ಅದನ್ನ ಕೇಳಿ ಚರ್ಚಿಂದಲೇ ಎದ್ದು ಹೋದರು. ಕಲ್ಲುದೇವರನ್ನ ಬಿಟ್ಟು ಬಂದಿದ್ದವರು, ಹರಕೆ ಬಿಟ್ಟು ಬಂದಿದ್ದವರು, ಪರಯನ ಪಕ್ಕದ ಜಾಗಕ್ಕೆ ಬಂದಾಗ ಮಾತ್ರ ಬಿಡಲಾರದೆ ಹೋದರು.

ಮಂಗಳೂರಲ್ಲಿ 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಅನ್ನೋ ಸಾರಸ್ವತ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ತಗೊಂಡಾಗ ಊರೇ ಎದ್ದಿತ್ತು. ಮುಂದೆ ಅವರು ಬಾಸೆಲಿಗೆ ಹೋಗಿ ಓದಿ, ಪಾದ್ರಿಯಾಗಿ ವಾಪಸ್ ಬಂದು, ಜರ್ಮನ್ ಹೆಣ್ಣುಮಗಳನ್ನ ಮದುವೆಯಾದರು. ಅವರ ಹೆಸರು ನೆನಪಿಟ್ಟುಕೊಳ್ಳಿ, ಇನ್ನೊಂದು ನಿಮಿಷಕ್ಕೆ ಬೇಕಾಗುತ್ತೆ.

ಜಾತಿ ಬಿಟ್ಟು ಬಂದವನ ಗತಿ ಆಗ ಏನಾಗ್ತಿತ್ತು? ಮನೆಯಿಂದ ಹೊರಗೆ, ಆಸ್ತಿಯಲ್ಲಿ ಪಾಲಿಲ್ಲ, ಬಾವಿ ಇಲ್ಲ, ಕ್ಷೌರದವನು ಬರಲ್ಲ, ಕೂಲಿ ಕೊಡೋರಿಲ್ಲ. ಧರ್ಮ ಬಿಟ್ಟರೂ ಜಾತಿಯಿಂದ ಹೊರಬಿದ್ದರೂ ಆಸ್ತಿ ಹಕ್ಕು ಹೋಗಲ್ಲ ಅಂತ ಕಂಪನಿ ಸರ್ಕಾರ ಕಾಯ್ದೆ ಮಾಡಿದ್ದೇ 1850ರಲ್ಲಿ. ಆದರೆ ಆಸ್ತಿ ಇದ್ದವನಿಗೆ ತಾನೆ ಆ ಕಾಯ್ದೆ? ಕರಾವಳಿಯಲ್ಲಿ ಬಾಸೆಲ್ ಸಭೆಗೆ ಹೆಚ್ಚಾಗಿ ಬಂದವರು ಬಿಲ್ಲವರು. ಕಳ್ಳು ಇಳಿಸೋದು ಅವರಲ್ಲಿ ಬಹಳ ಜನರ ಕಸುಬು. ಮಿಷನ್ನಿಗೆ ಕಳ್ಳು ಅಂದರೆ ಆಗದು. ಕುಡಿಯೋದು ಬಿಡು ಅಂದರೆ ಕುಡಿಯೋದು ಒಂದೇ ಹೋಗುತ್ತೆ, ಇಳಿಸೋದೂ ಬಿಡು ಅಂದರೆ ಅನ್ನವೇ ಹೋಗುತ್ತೆ. ಇಲ್ಲಿ ಬಾಸೆಲಿನವರು ಮಾಡಿದ ಕೆಲಸಕ್ಕೆ ನಾನು ನಿಜಕ್ಕೂ ಗೌರವ ಕೊಡ್ತೀನಿ. ಬಿಡು ಅಂದವರು ಬದಲಿ ಹುಡುಕಿದರು. ಮಂಗಳೂರಿನ ಬಲ್ಮಠದಲ್ಲಿ ನೇಯ್ಗೆ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ, ಅಚ್ಚುಕೂಟ, ಪುಸ್ತಕ ಕಟ್ಟೋ ಕೆಲಸ. ನಮ್ಮ ಮಲೆನಾಡಿನ ಹಳೇ ಮನೆಗಳ ಮೇಲೆ ಕೂತಿರೋ ಮಂಗಳೂರು ಹೆಂಚಿನ ಹಿಂದೆ ಹಳೇ ಕಸುಬು ಬಿಟ್ಟು ಬಂದ ಜನರ ಬೆವರಿದೆ. ಸೊಸೈಟಿ ಬ್ಯಾಂಕಿನ ಸಾಲಕ್ಕೆ ಅರ್ಜಿ ಬರೆದುಕೊಟ್ಟು ಅನುಭವ ಇರೋ ನನಗೆ ಗೊತ್ತು, ಕಸುಬು ಬಿಡು ಅನ್ನೋದು ಒಂದು ಮಾತು, ಇನ್ನೊಂದು ಕಸುಬು ಕೈಗೆ ಕೊಡೋದು ಹತ್ತು ವರ್ಷದ ಕೆಲಸ.

ಈಗ ಕೊಡಗಿಗೆ ಬನ್ನಿ. ಅಲ್ಲಿ ಹೊಲೆಯರು ಜೀತದಾಳುಗಳು ಅಂದರೆ ಸಾಲದು, ಗುಲಾಮರು. ಭೂಮಿ ಜಮ್ಮದ ಆಳು, ಒಕ್ಕಲು ಜಮ್ಮದ ಆಳು ಅಂತ ಎರಡು ಬಗೆ. ಮೊದಲನೇದು ನೆಲಕ್ಕೆ ಅಂಟಿಕೊಂಡ ಆಳು, ನೆಲ ಯಾರ ಕೈಗೆ ಹೋದರೆ ಅವರ ಕೈಗೆ. ಎರಡನೇದು ಮನೆತನದ ಸೊತ್ತು. ಮಿಷನ್ ಮಂಗಳೂರಿಗೆ ಬಂದ 1834ರಲ್ಲೇ ಬ್ರಿಟಿಷರು ಕೊಡಗು ನುಂಗಿದರು. 1843ರ ಐದನೇ ಕಾಯ್ದೆ ಗುಲಾಮಗಿರಿಗೆ ಕೋರ್ಟಲ್ಲಿ ಬೆಲೆ ಇಲ್ಲ ಅಂತ ಹೇಳಿತು. ಕಾಗದದಲ್ಲಿ ಬಿಡುಗಡೆ, ಗದ್ದೆಯಲ್ಲಿ ಅದೇ ಹಳೇ ದಣಿ. 1850ರ ದಶಕದಲ್ಲಿ ಹರ್ಮನ್ ಮೊಗ್ಲಿಂಗ್ ಅಲ್ಲಿಗೆ ಹೋದಾಗ ಅವರ ಮಾತಿಗೆ ಗುಂಪಾಗಿ ಓಗೊಟ್ಟವರು ಕೊಡವರಲ್ಲ, ಹೊಲೆಯರು. ಅವರಿಗಾಗಿ ಒಂದು ಊರೇ ಎದ್ದಿತು, ಹೆಸರು ಆನಂದಪುರ. (ನಮ್ಮ ಸಾಗರ ತಾಲ್ಲೂಕಿನ ಆನಂದಪುರ ಅಲ್ಲ, ಇದು ಕೊಡಗಿನದು.) ಚರ್ಚು, ಶಾಲೆ, ಉಳುಮೆಗೆ ನೆಲ, ಕಾಫಿ. 1860ರಲ್ಲಿ ಮೊಗ್ಲಿಂಗ್ ಯುರೋಪಿಗೆ ವಾಪಸ್ ಹೋದರು. ಆ ಊರಿನ ಜವಾಬ್ದಾರಿ ಹೊತ್ತು ದುಡಿದವರಲ್ಲಿ ಮುಖ್ಯರು ಆಗಲೇ ಹೇಳಿದ ಆನಂದರಾವ್ ಕೌಂಡಿನ್ಯ.

ಇದನ್ನ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹತ್ತೊಂಬತ್ತನೇ ಶತಮಾನದ ಮಧ್ಯ. ಅಂಬೇಡ್ಕರ್ ಹುಟ್ಟೋದಕ್ಕೆ ಮೂವತ್ತು ವರ್ಷ ಮುಂಚೆ. ಹುಟ್ಟಿನಿಂದ ಬ್ರಾಹ್ಮಣ ಆದ ಒಬ್ಬ ಮನುಷ್ಯ ಹೊಲೆಯರ ಊರಲ್ಲಿ ಅವರ ಪಾದ್ರಿ. ಅವರ ಮಕ್ಕಳಿಗೆ ನೀರು ಮುಟ್ಟಿಸಿ ಹೆಸರಿಡ್ತಾರೆ, ಅವರ ಸತ್ತವರಿಗೆ ಮಣ್ಣು ಕೊಡ್ತಾರೆ. ಹಳೇ ಚಾಳಿ ಬಿಡೋದು ಅಂದರೆ ಇದು. ಕೌಂಡಿನ್ಯರು ಬಿಟ್ಟಿದ್ದು ಹೆಂಡವನ್ನಲ್ಲ, ಜಾತಿಯ ಮೇಲ್ಮೆಯನ್ನ. ನಮ್ಮ ಪಠ್ಯಪುಸ್ತಕದಲ್ಲಿ ಇಂಥವರು ಎಲ್ಲಿದ್ದಾರೆ?

ಹಾಗಂತ ಆನಂದಪುರವನ್ನ ಸ್ವರ್ಗ ಮಾಡೋಕೆ ನಾನು ತಯಾರಿಲ್ಲ. ಬಾಸೆಲ್ ಸಭೆಗಳಲ್ಲಿ ಶಿಸ್ತು ಬಿಗಿ. ಕುಡಿತ, ಎರಡು ಮದುವೆ, ದೆವ್ವ-ಭೂತಗಳ ಆರಾಧನೆ, ಭಾನುವಾರದ ಕೆಲಸ, ಎಲ್ಲಕ್ಕೂ ತಡೆ. ತಪ್ಪಿದವರನ್ನ ಪ್ರಭುಭೋಜನದಿಂದ ಹೊರಗಿಡೋರು. ಕೆಲಸ ಕೊಡೋನು, ನೆಲದ ಮೇಲ್ವಿಚಾರಣೆ ಮಾಡೋನು, ಪಾಪ ವಿಚಾರಿಸೋನು ಒಂದೇ ಮಿಷನ್ ಆದರೆ ಬಡವನಿಗೆ ಉಸಿರಾಡೋಕೆ ಜಾಗ ಎಲ್ಲಿರುತ್ತೆ? ದಣಿಯಿಂದ ತಪ್ಪಿಸಿಕೊಂಡು ಬಂದೋನಿಗೆ ಇನ್ನೊಬ್ಬ ಒಳ್ಳೇ ದಣಿ ಸಿಕ್ಕ ಹಂಗೆ. ಜೊತೆಗೆ ಹೊಲೆಯರ ಹಾಡು, ವಾದ್ಯ, ಕುಣಿತ, ಸತ್ತ ಹಿರೀಕರಿಗೆ ಎಡೆ ಇಡೋದು, ಇವೆಲ್ಲ ಅಂಧಕಾರದ ಲೆಕ್ಕಕ್ಕೆ ಸೇರಿದವು. ಜರ್ಮನಿಯ ರಾಗಗಳಿಗೆ ಕನ್ನಡದ ಮಾತು ಕೂರಿಸಿದ ಕೀರ್ತನೆಗಳು ಬಂದವು. ಕೀರ್ತನೆ ಚೆನ್ನಾಗಿವೆ, ಬೇಡ ಅನ್ನಲ್ಲ. ಆದರೆ ಕಳೆದದ್ದು ಏನು ಅಂತ ಲೆಕ್ಕ ಇಟ್ಟವರಿಲ್ಲ.

ಇಲ್ಲಿ ತಮಟೆಯ ಪ್ರಶ್ನೆ ಬರುತ್ತೆ. ಬೀದರ್ ಸೀಮೆಯಲ್ಲಿ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮಾದಿಗರು ಕೇರಿ ಕೇರಿಯೇ ಮೆಥೊಡಿಸ್ಟ್ ಸಭೆಗೆ ಸೇರಿದರು. ಅಲ್ಲೂ ಈ ಜಗಳ ಇದ್ದದ್ದೇ. ಹಲಗೆ ಬಡಿಯೋದು ನಮ್ಮವರಿಗೆ ಬರೀ ವಾದ್ಯ ಅಲ್ಲವಲ್ಲ, ಊರಿಗೆ ಮಾಡಬೇಕಾದ ಬಿಟ್ಟಿ ಚಾಕರಿ. ಗೌಡರ ಮನೆ ಸಾವಿಗೆ ಬಡಿ, ಮಾರಿ ಹಬ್ಬಕ್ಕೆ ಬಡಿ, ಡಂಗುರಕ್ಕೆ ಬಡಿ. ಬಡಿಯಲ್ಲ ಅಂದರೆ ಕೂಲಿ ಬಂದ್, ಅಂಗಡಿ ಬಂದ್. ಇದೇ ಸಾಲಿನಲ್ಲಿ ಸತ್ತ ದನ ಹೊರೋದು. 1927ರ ಮಾರ್ಚಲ್ಲಿ ಮಹಾಡದಲ್ಲಿ ಕೆರೆ ನೀರು ಮುಟ್ಟೋ ಮುಂಚೆ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂತ ಜನಕ್ಕೆ ಹೇಳಿದ್ದರು. ಅಂದರೆ ಬಿಡಿ ಅಂದವರು ಪಾದ್ರಿಗಳು ಮಾತ್ರ ಅಲ್ಲ. ಹಾಗಿದ್ದ ಮೇಲೆ ಆ ಹುಡುಗರನ್ನ ದ್ರೋಹಿ ಅನ್ನೋಕೆ ನಮಗೇನು ಹಕ್ಕು? ಆದರೆ ಒಂದು ವ್ಯತ್ಯಾಸ ಇದೆ. ಊರಿನವರ ಸಾವಿಗೆ ಬಡಿಯಲ್ಲ ಅನ್ನೋದು ಸ್ವಾಭಿಮಾನ. ಎಪ್ಪತ್ತರ ದಶಕದಿಂದ ಈಚೆಗೆ ನಮ್ಮ ಚಳವಳಿ ಅದೇ ಹಲಗೆಯನ್ನ ಗೌಡರ ಅಂಗಳದಿಂದ ಕಿತ್ತುಕೊಂಡು ಬಂದು ನಮ್ಮ ಹೋರಾಟದ ಮುಂದೆ ಇಟ್ಟಿತು. ಚರ್ಮ ಅದೇ, ಬಡಿಯೋ ಕೋಲು ಅದೇ, ಬಡಿಸೋನು ಬದಲಾದ. ಪಾಸ್ಟರಿಗೆ ಈ ವ್ಯತ್ಯಾಸ ತಿಳಿಸಿ ಹೇಳೋರು ಬೇಕು. ಬೈಯೋರು ಸಾಕಷ್ಟು ಜನ ಇದ್ದಾರೆ.

ಬಾಬಾಸಾಹೇಬರು ಕ್ರೈಸ್ತ ಧರ್ಮದ ಬಗ್ಗೆ ಅಂದದ್ದನ್ನ ಎರಡೂ ಕಡೆಯವರು ಅರ್ಧರ್ಧ ಹೇಳ್ತಾರೆ. 1938ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ಅವರು ಕ್ರೈಸ್ತರ ಸಭೆಯಲ್ಲೇ ಮಾತಾಡಿದರು. ಯೇಸುವಿನ ಬಗ್ಗೆ ಗೌರವ ಇತ್ತು, ದಕ್ಷಿಣದ ಚರ್ಚುಗಳಲ್ಲಿ ಜಾತಿ ಹಾಗೇ ಇದೆ ಅನ್ನೋ ಚುಚ್ಚು ಮಾತೂ ಇತ್ತು. ಮತಾಂತರವಾದ ಅಸ್ಪೃಶ್ಯರ ಸ್ಥಿತಿ ಬಗ್ಗೆ ಅವರು ಬರೆದಿಟ್ಟ ಪ್ರಬಂಧಗಳು ಅವರು ಹೋದ ಮೇಲೆ ಅಚ್ಚಾದವು. ಅದರಲ್ಲಿ ಅವರ ತಕರಾರು ಹೀಗೆ: ಕ್ರೈಸ್ತನಾದ ಅಸ್ಪೃಶ್ಯನ ಪಾಪದ ಬಗ್ಗೆ ಮಿಷನರಿ ಮಾತಾಡ್ತಾನೆ, ಅವನಿಗೆ ಆಗ್ತಿರೋ ಅನ್ಯಾಯದ ಬಗ್ಗೆ ಬಾಯಿ ಬಿಡಲ್ಲ. ನಿನ್ನ ಕಷ್ಟಕ್ಕೆ ನಿನ್ನ ಪಾಪ ಕಾರಣ ಅಂದರೆ ಅವನು ಹಿಂದೂ ಆಗಿದ್ದಾಗ ಕೇಳಿದ ಕರ್ಮದ ಮಾತಿಗೂ ಇದಕ್ಕೂ ಏನು ಫರಕು? ನನ್ನ ಮಟ್ಟಿಗೆ ಇದು ಇವತ್ತಿನ ಕೇರಿ ಚರ್ಚುಗಳಿಗೂ ಹಾಕಬೇಕಾದ ಪ್ರಶ್ನೆ.

ಆದರೆ ಹಳೇದನ್ನ ಕಳಚಬೇಕು ಅನ್ನೋ ವಿಚಾರವನ್ನ ಅವರು ಬಿಡಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳನ್ನ ಓದಿ ನೋಡಿ. ಬ್ರಹ್ಮ ವಿಷ್ಣು ಮಹೇಶ್ವರರನ್ನ ಬಿಡು, ಶ್ರಾದ್ಧ ಪಿಂಡ ಬಿಡು, ಸುಳ್ಳು ಬಿಡು, ಕಳ್ಳತನ ಬಿಡು, ಕುಡಿತ ಬಿಡು. ಕುಡಿತದ ವಿಷಯದಲ್ಲಿ ಪಾಸ್ಟರೂ ಬಾಬಾಸಾಹೇಬರೂ ಒಂದೇ ಸಾಲಿನಲ್ಲಿ ನಿಲ್ತಾರೆ. ನಮ್ಮ ಸಮಾವೇಶ ಮುಗಿದ ರಾತ್ರಿ ನಾವು ಕೆಲವರು ಎಲ್ಲಿ ನಿಲ್ತೀವಿ ಅಂತ ಕೇಳಬೇಡಿ!

ಇನ್ನು ಚಂದ್ರಗುತ್ತಿ. ಸೊರಬ ತಾಲ್ಲೂಕಿನ ಈ ಗುಡ್ಡದ ಮೇಲೆ ರೇಣುಕಾಂಬೆಯ ಗುಹೆ ಗುಡಿ. ಗಂಡನ ಮಾತಿಗೆ ಮಗ ಪರಶುರಾಮ ತಾಯಿಯ ತಲೆ ಕಡಿಯೋಕೆ ಅಟ್ಟಿಸಿಕೊಂಡು ಬಂದ, ಓಡೋ ಭರಕ್ಕೆ ಸೀರೆ ಕಳಚಿ ಬೆತ್ತಲೆಯಾಗಿ ಅವಳು ಈ ಗುಹೆ ಸೇರಿದಳು ಅಂತ ಸ್ಥಳಪುರಾಣ. ಪಕ್ಕದಲ್ಲೇ ಮಾತಂಗಿ. ಹರಕೆ ಹೊತ್ತ ಹೆಂಗಸರು, ಗಂಡಸರು ಜಾತ್ರೆಯಲ್ಲಿ ವರದಾ ನದಿಯಲ್ಲಿ ಮಿಂದು, ಬೇವಿನ ಸೊಪ್ಪು ಹಿಡಿದು, ಬೆತ್ತಲೆಯಾಗಿ ಗುಡಿವರೆಗೆ ಹೋಗ್ತಿದ್ದರು. ಮಕ್ಕಳಾಗಲಿ ಅಂತ, ಚರ್ಮರೋಗ ವಾಸಿಯಾಗಲಿ ಅಂತ, ಸಾಯೋ ಮಗು ಉಳೀಲಿ ಅಂತ. ಹೆಚ್ಚಿನವರು ದಲಿತರು, ಹಿಂದುಳಿದವರು, ಬಯಲು ಸೀಮೆಯ ಬಡವರು. ನೋಡೋಕೆ ಬರೋರು ಯಾರು ಅಂತ ಬೇರೆ ಹೇಳಬೇಕಾ.

ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಇದನ್ನ ನಿಲ್ಲಿಸಬೇಕು ಅಂತ ಹೊರಟಿತು. 1986ರ ಮಾರ್ಚಿನ ಜಾತ್ರೆ. ನಾನಾಗ ಚಡ್ಡಿ ಹಾಕೋ ಹುಡುಗ. ಮುಂದೆ ಹಿರಿಯ ಕಾರ್ಯಕರ್ತರು ಹೇಳಿದ್ದನ್ನ ಎಷ್ಟು ಸಲ ಕೇಳಿದ್ದೀನೋ. ನದಿ ದಂಡೆಯಲ್ಲಿ ನಿಂತು, ಅಕ್ಕಾ ಬಟ್ಟೆ ಬಿಚ್ಚಬೇಡ್ರಿ, ಹರಕೆ ಬಟ್ಟೆ ಉಟ್ಟೇ ತೀರಿಸ್ರಿ ಅಂತ ಕೈಮುಗಿದು ಕೇಳ್ಕೊಂಡವರ ಮೇಲೆ ಗುಂಪು ಬಿತ್ತು. ಕಾರ್ಯಕರ್ತರು, ಪತ್ರಕರ್ತರು, ಪೊಲೀಸರು, ಹೆಣ್ಣು ಪೊಲೀಸರು ಅಂತ ನೋಡದೆ ಬಟ್ಟೆ ಕಿತ್ತು ಬೆತ್ತಲೆ ಮೆರವಣಿಗೆ ಮಾಡಿಸಿದರು. ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯ್ತು. ಸರ್ಕಾರ ಬೆತ್ತಲೆ ಸೇವೆ ನಿಷೇಧಿಸಿತು. ಆಮೇಲಿನ ವರ್ಷಗಳಲ್ಲಿ ಜಾತ್ರೆಗೆ ಪೊಲೀಸ್ ಬಂದೋಬಸ್ತ್, ನಿಷೇಧಾಜ್ಞೆ.

ಇದರಲ್ಲಿ ನನ್ನನ್ನ ಕಾಡೋದು ಒಂದೇ. ನಮ್ಮವರಿಗಾಗಿ ಹೋದ ನಮ್ಮವರ ಮೇಲೆ ಕೈ ಮಾಡಿದ ಗುಂಪಿನಲ್ಲಿ ನಮ್ಮವರೂ ಇದ್ದರು. ಯಾಕೆ? ಆ ಹೆಂಗಸಿಗೆ ಹರಕೆ ಅನ್ನೋದು ಮೌಢ್ಯ ಅಲ್ಲ, ಅವಳ ಹತ್ತಿರ ಇದ್ದ ಒಂದೇ ಆಸ್ಪತ್ರೆ, ಒಂದೇ ಕೋರ್ಟು, ಒಂದೇ ಬ್ಯಾಂಕು. ಅದನ್ನ ಬಿಡು ಅಂದರೆ ಮಗು ಸತ್ತರೆ ಯಾರು ಹೊಣೆ? ದಸಂಸಕ್ಕೆ ಇದು ಗೊತ್ತಿರಲಿಲ್ಲ ಅಂತಲ್ಲ. ಹೆಂಡ ಬೇಡ, ವಸತಿ ಶಾಲೆ ಬೇಕು, ಭೂಮಿ ಬೇಕು ಅಂತ ಅವರೇ ಬೀದಿಗೆ ಇಳಿದಿದ್ದರು. ಬಿಡೋದರ ಜೊತೆಗೆ ಹಿಡಿಯೋದನ್ನೂ ಕೇಳಿದ್ದರು. ಕೊಡಬೇಕಾದ ಸರ್ಕಾರ ಗುಡ್ಡದ ಬುಡಕ್ಕೆ ಪೊಲೀಸ್ ವ್ಯಾನ್ ಕೊಟ್ಟಷ್ಟು ಬೇಗ ಭೂಮಿ ಕೊಡಲಿಲ್ಲ. ಇವತ್ತು ಕೇರಿಯ ಪ್ರಾರ್ಥನಾ ಮಂದಿರಕ್ಕೆ ಹೆಂಗಸರು ಹೋಗೋದು ಯಾಕೆ ಅಂತ ಕೇಳಿದ್ರೆ ಹತ್ತರಲ್ಲಿ ಎಂಟು ಜನ "ಗಂಡ ಕುಡಿಯೋದು ಬಿಟ್ಟ ಕಣಪ್ಪ" ಅಂತಾರೆ. ಕಾಯಿಲೆ ಬಿದ್ದಾಗ ನಾಲ್ಕು ಜನ ಮನೆಗೆ ಬಂದು ಮಂಡಿಯೂರಿ ಕೂತರು ಅಂತಾರೆ. 1704ರ ಆಜ್ಞೆ ನೆನಪಿದೆಯಲ್ಲ? ಕಾಯಿಲೆಯವರ ಮನೆಯೊಳಕ್ಕೆ ಹೋಗಿ ಅನ್ನೋದು. ಆ ಒಂದು ಕೆಲಸ ಮಾಡೋರ ಹಿಂದೆ ಜನ ಹೋಗ್ತಾರೆ. ಪರದೇಶಿ ದುಡ್ಡು ಅಂತ ಕೂಗೋರು ಒಂದು ಸಲವಾದರೂ ಹೋಗಿ ಆ ಮನೆಯ ಚಾಪೆ ಮೇಲೆ ಕೂತಿದ್ದಾರಾ?

ಕೊನೆಗೆ ಕಾಗದದ ವಿಷಯ, ಅದು ನನ್ನ ಕಸುಬು. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಇವತ್ತಿಗೂ ಹೊರಗೆ. ಕ್ರೈಸ್ತನಾದ ಕ್ಷಣ ಜಾತಿ ಬಿಟ್ಟುಹೋಯ್ತು ಅನ್ನೋದು ದೆಹಲಿಯ ನಂಬಿಕೆ. ಪೌಲನಿಗೂ ಇಷ್ಟು ಗಟ್ಟಿ ನಂಬಿಕೆ ಇರಲಿಲ್ಲ! 2007ರಲ್ಲಿ ರಂಗನಾಥ ಮಿಶ್ರ ಆಯೋಗ ಈ ಪ್ಯಾರಾ ತೆಗೆಯಿರಿ ಅಂತ ವರದಿ ಕೊಟ್ಟಿತು, ತೆಗೆಯಲಿಲ್ಲ. 2022ರ ಅಕ್ಟೋಬರಿನಲ್ಲಿ ಬಾಲಕೃಷ್ಣನ್ ಆಯೋಗ ನೇಮಿಸಿದರು. 2025ರಲ್ಲಿ ಆಂಧ್ರ ಹೈಕೋರ್ಟು, ಕ್ರೈಸ್ತನಾದವನಿಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಸಿಗಲ್ಲ ಅಂದಿತು. ಬೈದವನು ಜಾತಿ ಹಿಡಿದೇ ಬೈದಿದ್ದರೂ!

ಅದೇ ನಮ್ಮ ಕರ್ನಾಟಕ ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿ ತೆಗೆಯಿರಿ. ಉಳಿದ ಕ್ರೈಸ್ತರು ಪ್ರವರ್ಗ 3ಬಿ. ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಸೇರಿದವರು ಪ್ರವರ್ಗ 1. ಅಂದರೆ ಇವನು ಯಾವ ಕೇರಿಯಿಂದ ಬಂದ ಕ್ರೈಸ್ತ ಅಂತ ಸರ್ಕಾರಕ್ಕೆ ಚೆನ್ನಾಗೇ ಗೊತ್ತು, ಬರೆದೂ ಇಟ್ಟುಕೊಂಡಿದೆ. ಒಂದು ಕಾಗದದಲ್ಲಿ ಜಾತಿ ಹೋಗಿದೆ, ಇನ್ನೊಂದು ಕಾಗದದಲ್ಲಿ ಕೂತಿದೆ. ನಮ್ಮ ಎರಡು ತಾಲ್ಲೂಕಿನ ಕೇರಿಗಳಲ್ಲಿ ಎಷ್ಟೋ ಜನ ಭಾನುವಾರ ಪ್ರಾರ್ಥನೆಗೆ ಹೋಗ್ತಾರೆ, ಅರ್ಜಿಯಲ್ಲಿ ಹಿಂದೂ ಅಂತ ಬರೀತಾರೆ. ಮಗಳ ಹಾಸ್ಟೆಲ್ ಸೀಟಿಗೆ ಅದು ಬೇಕು. ಅವರನ್ನ ಸುಳ್ಳುಗಾರರು ಅನ್ನೋ ಮುಂಚೆ ಆ ಮೂರನೇ ಪ್ಯಾರಾ ಬರೆದವರನ್ನ ಏನಂತೀರಿ ಹೇಳಿ.

ಪ್ರವರ್ಗ 1ರ ಸರ್ಟಿಫಿಕೇಟಿಗೆ ಏನೇನು ದಾಖಲೆ ಬೇಕು ಅಂತ ಬಹಳ ಜನ ಫೋನ್ ಮಾಡಿ ಕೇಳ್ತಿದ್ದೀರಿ. ಶಾಲಾ ವರ್ಗಾವಣೆ ಪತ್ರ, ತಂದೆಯ ಜಾತಿ ದಾಖಲೆ ಇದ್ದರೆ ಹುಡುಕಿ ಇಟ್ಟುಕೊಳ್ಳಿ. ಭಾನುವಾರ ಮಧ್ಯಾಹ್ನದ ಮೇಲೆ ನಾನು ಸಿಗ್ತೀನಿ. ಪ್ರಾರ್ಥನೆ ಮುಗಿಸಿಕೊಂಡೇ ಬನ್ನಿ.

ಜೈಭೀಮ್.